ಹಗ್ಗದ ಇನ್ನೊಂದು ತುದಿ

ಅವನಿಗಿಂತ ಮೊದಲು ಅವನ ಬಲಭುಜಕ್ಕೆ ಎಚ್ಚರವಾಗಿತ್ತು. ಕಿರಿದಾದ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿ, ತಲೆಯ ಪಕ್ಕದ ಗೋಡೆಯೊಳಗೆ ನೀರಿನ ಕೊಳವೆ ಗುಟುಗುಟು ಎನ್ನುವುದನ್ನು ಕೇಳುತ್ತ, ಅವನು ಭುಜದ ಜೊತೆ ಮಾತಿಗಿಳಿದ. ಇವತ್ತೊಂದು ದಿನ ಕಣಪ್ಪ, ಆಮೇಲೆ ನಿನ್ನ ಪಾಡು ನಿನಗೆ, ನನ್ನ ಪಾಡು ನನಗೆ. ಭುಜ ಒಪ್ಪಿದಂತೆ ಕಾಣಲಿಲ್ಲ. ತಲೆ ಬಾಚಲು ಕೈಯೆತ್ತಿದರೆ ಕಿವಿಯ ಮಟ್ಟಕ್ಕೆ ಬಂದು, ಇನ್ನು ಮುಂದೆ ಒಂದು ಹೆಜ್ಜೆಯೂ ಇಡಲಾರೆ ಎನ್ನುವ ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ಈ ಸಂಗತಿ ಹಡಗಿನ ವೈದ್ಯರಿಗೆ ಗೊತ್ತಿರಲಿಲ್ಲ, ಕ್ಯಾಪ್ಟನ್ನರಿಗೆ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿತ್ತು, ಆದರೆ ಗೊತ್ತಿದೆ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಹೋದ ಸಲ ರಜೆಗೆ ಹೋದಾಗ ಅಡುಗೆಮನೆಯ ಮೇಲಿನ ಹಲಗೆಯ ಡಬ್ಬಗಳೆಲ್ಲ ತಮ್ಮಷ್ಟಕ್ಕೆ ತಾವೇ ಕೆಳಗಿನ ಕಪಾಟಿಗೆ ಇಳಿದು ಕೂತಿದ್ದವು, ಅಷ್ಟೆ.

ಕರಾವಳಿ ಕಾವಲು ಪಡೆಯ ಈ ಬಿಳಿ ಹಡಗಿನಲ್ಲಿ ನಾವಿಕರಿಗೆಲ್ಲ ಅವನೇ ಹಿರಿಯ. ಅಧಿಕಾರಿಯಲ್ಲ; ಡೆಕ್ಕು ತೊಳೆಯುವುದರಿಂದ ಶುರುಮಾಡಿ, ಒಂದೊಂದೇ ಪಟ್ಟಿ ತೋಳಿಗೇರಿಸಿಕೊಂಡು, ಇದಕ್ಕಿಂತ ಮೇಲೆ ನಾವಿಕನಿಗೆ ಪಟ್ಟಿಯೇ ಇಲ್ಲ ಎನ್ನುವಲ್ಲಿಗೆ ಬಂದು ನಿಂತವನು. ಮೇಲಿನವರ ಆಜ್ಞೆಯನ್ನು ಕೆಳಗಿನವರಿಗೆ ಅರ್ಥವಾಗುವ ಹಾಗೆ ಹೇಳುವುದು, ಕೆಳಗಿನವರ ಗೊಣಗಾಟವನ್ನು ಮೇಲಿನವರಿಗೆ ಸಿಟ್ಟು ಬಾರದ ಹಾಗೆ ಮುಟ್ಟಿಸುವುದು, ಉಳಿದ ಹೊತ್ತಿನಲ್ಲಿ ಹೊಸಬರಿಗೆ ಹಗ್ಗದ ಕೆಲಸ ಕಲಿಸುವುದು, ಇದೇ ಅವನ ಬಾಳಾಗಿತ್ತು. ಎದುರಿಗೆ ಎಲ್ಲರೂ ಚೀಫ್ ಎನ್ನುತ್ತಿದ್ದರು. ಬೆನ್ನ ಹಿಂದೆ ‘ಇನ್ನೊಮ್ಮೆ’ ಎನ್ನುತ್ತಿದ್ದರು. ಅವನ ಬಾಯಲ್ಲಿ ಸದಾ ಅದೇ ಮಾತು. ಗಂಟು ಸಡಿಲವಾಯಿತೋ, ಇನ್ನೊಮ್ಮೆ. ಸುರುಳಿ ಸಿಕ್ಕಾಯಿತೋ, ಇನ್ನೊಮ್ಮೆ. ಎಸೆದ ಹಗ್ಗ ನೀರಿಗೆ ಬಿತ್ತೋ, ಇನ್ನೊಮ್ಮೆ, ಇನ್ನೊಮ್ಮೆ, ಸೂರ್ಯ ನೆತ್ತಿಗೆ ಬರಲಿ, ಅಂಗೈ ಕೆಂಪಾಗಲಿ, ಇನ್ನೊಮ್ಮೆ. ಆ ಅಡ್ಡಹೆಸರು ತನಗೆ ಗೊತ್ತೇ ಇಲ್ಲವೆಂಬಂತೆ ಇಷ್ಟು ಕಾಲ ನಟಿಸಿಕೊಂಡು ಬಂದಿದ್ದ. ಅದು ಪ್ರೀತಿಯ ಹೆಸರೋ ಸೇಡಿನ ಹೆಸರೋ ಎಂದು ಕೇಳಿ ತಿಳಿಯುವ ಧೈರ್ಯ ಮಾತ್ರ ಅವನಿಗೆ ಬಂದಿರಲಿಲ್ಲ.

ಮಂಚದ ಕೆಳಗಿನ ಖಾನೆಯಿಂದ ಹೊಸ ಹಗ್ಗದ ಸುರುಳಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಿರುಬೆರಳಿನ ಗಾತ್ರದ ಬಿಳಿ ಹಗ್ಗ, ತುದಿಯಲ್ಲಿ ಮಗುವಿನ ಮುಷ್ಟಿಯಷ್ಟು ಗಾತ್ರದ ದುಂಡು ಗಂಟು. ಹಡಗು ಜೆಟ್ಟಿಯ ಹತ್ತಿರ ಬಂದಾಗ ಮೊದಲು ದಡಕ್ಕೆ ಹಾರುವುದು ಇದು. ಜೆಟ್ಟಿಯ ಮೇಲಿನವರು ಇದನ್ನು ಹಿಡಿದು ಎಳೆದರೆ, ಇದರ ಬಾಲಕ್ಕೆ ಕಟ್ಟಿದ ತೋಳಿನ ಗಾತ್ರದ ಹಗ್ಗ ಹಿಂದಿನಿಂದ ಹೋಗುತ್ತದೆ. ಅದನ್ನು ಕಬ್ಬಿಣದ ಗೂಟಕ್ಕೆ ಹಾಕಿದರೆ ಹಡಗು ದಡದ್ದಾಯಿತು. ಈ ಹಡಗಿನಲ್ಲೊಂದು ವಾಡಿಕೆ. ನಿವೃತ್ತನಾಗುವವನು ತನ್ನ ಕೊನೆಯ ಗಸ್ತು ಮುಗಿಸಿ ಬರುವ ದಿನ, ಆ ಗಂಟನ್ನು ತಾನೇ ಹೆಣೆದು, ಆ ಹಗ್ಗವನ್ನು ತಾನೇ ಎಸೆಯಬೇಕು. ಒಂದೇ ಏಟಿಗೆ ಜೆಟ್ಟಿ ಮುಟ್ಟಿದರೆ ಹಡಗಿನ ಸೈರನ್ನು ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಮುಟ್ಟದಿದ್ದರೆ ಏನು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಎಂಜಿನ್ ಕೋಣೆ ಬಿಟ್ಟು ಆಚೆಗೆ ತಲೆ ಹಾಕದವನು ಕೂಡ ಮುಟ್ಟಿಸಿದ್ದ, ಕಣ್ಣಿಗೆ ಪೊರೆ ಬಂದಿದ್ದವನೂ ಮುಟ್ಟಿಸಿದ್ದ, ಯಾಕೆಂದರೆ ಅವರಿಗೆಲ್ಲ ಕಲಿಸಿದವನು ಇವನು. ಇವನು ಕಲಿಸುತ್ತ ಕಲಿಸುತ್ತ, ತೋರಿಸಿಕೊಡುವುದನ್ನು ಬಿಟ್ಟು ಬರೀ ಬಾಯಲ್ಲಿ ಹೇಳುವುದಕ್ಕೆ ಯಾವಾಗ ಬಂದು ಮುಟ್ಟಿದ ಎಂಬುದು ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ.

ಅಡುಗೆಯವನೊಬ್ಬನನ್ನು ಬಿಟ್ಟು. ಹೋದ ವಾರ ಇವನು ಸಾಮಾನಿನ ಕೋಣೆಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಟವೆಲ್ಲಿನ ತುದಿಗೆ ಈರುಳ್ಳಿ ಕಟ್ಟಿ ಬೀಸಿ ಬೀಸಿ ಅಭ್ಯಾಸ ಮಾಡುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತಿದ್ದ.

“ಚೀಫ್, ನೊಣ ಹೊಡೀತಿದ್ದೀರಾ?”

“ಹೂಂ ಕಣಯ್ಯ, ನಿನ್ನ ಕೋಣೆ ತುಂಬ ನೊಣ.”

“ಈರುಳ್ಳೀಲಿ ಹೊಡೆದ್ರೆ ನೊಣ ಸಾಯಲ್ಲ, ಅಳುತ್ತೆ ಅಷ್ಟೇ,” ಎಂದು ಅಡುಗೆಯವನು ಈರುಳ್ಳಿಯನ್ನು ಬಿಡಿಸಿಕೊಂಡು ಹೋಗಿದ್ದ. ಅವತ್ತಿನಿಂದ ದಿನವೂ ಬಿಸಿನೀರಿನ ಚೀಲವೊಂದು ಹೇಳದೆ ಕೇಳದೆ ಇವನ ದಿಂಬಿನ ಪಕ್ಕ ಬಂದು ಕೂರುತ್ತಿತ್ತು. ಆ ಬಿಸಿಯಲ್ಲಿ ಭುಜವನ್ನಿಟ್ಟುಕೊಂಡು ಮಲಗಿದಾಗ ಅವನಿಗೆ ಹಾಯೆನಿಸುತ್ತಿತ್ತು. ಒಬ್ಬನಿಗೆ ಗೊತ್ತಾಯಿತಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಮೇಲೆ ಬಂದಾಗ ಬೆಳಕು ಚೆನ್ನಾಗಿ ಹರಿದಿತ್ತು. ಕಟಕಟೆಯ ಕಬ್ಬಿಣ ಇಬ್ಬನಿಯಿಂದ ತಣ್ಣಗಿತ್ತು. ದಿನವೂ ನಿಲ್ಲುವ ಜಾಗದಲ್ಲಿ ನಿಂತು, ದಿನವೂ ಹೇಳುವುದನ್ನು ಹೇಳಿದ: ನೀರು ನಿನ್ನದು, ಹಡಗು ನಮ್ಮದು, ಎರಡನ್ನೂ ನೋಡಿಕೋ ತಂದೆ. ಇಷ್ಟು ವರ್ಷದ ಮೇಲೂ ಅದಕ್ಕಿಂತ ಉದ್ದದ ಪ್ರಾರ್ಥನೆ ಅವನಿಗೆ ಬೇಕೆನಿಸಿರಲಿಲ್ಲ. ಇವತ್ತು ಮಾತ್ರ ಅದರ ಬಾಲಕ್ಕೆ ‘ಭುಜವನ್ನೂ’ ಎಂದು ಸೇರಿಸಲು ಹೊರಟು, ಸಣ್ಣವನಾದೆನೆಂದು ಅರ್ಧಕ್ಕೇ ನುಂಗಿಕೊಂಡ. ನೀರು ಎಷ್ಟು ಸಮಾಧಾನವಾಗಿತ್ತೆಂದರೆ, ರಾತ್ರಿಯಿಡೀ ಯಾರೋ ಅದಕ್ಕೆ ಕತೆ ಹೇಳಿ ಮಲಗಿಸಿದಂತಿತ್ತು. ಅಮ್ಮ ಹಾಗೆ ಹೇಳುತ್ತಿದ್ದಳು, ಅಂಗಳದಲ್ಲಿ ಚಾಪೆಯ ಮೇಲೆ, ಅಣ್ಣ ಒಂದು ಕಡೆ ಇವನೊಂದು ಕಡೆ. ಬಾವಿಗೆ ಬಿದ್ದವನೊಬ್ಬ ದೇವರೇ ಎಂದು ಕೂಗಿದನಂತೆ. ದೇವರು ಓಡಿಬಂದು ಹಗ್ಗ ಇಳಿಬಿಟ್ಟನಂತೆ. ಹಗ್ಗ ಸಾಲಲಿಲ್ಲ. “ದೇವರ ಹಗ್ಗವೂ ಸಾಲಲ್ವಾಮ್ಮ?” ಎಂದು ಅಣ್ಣ ಕೇಳುತ್ತಿದ್ದ. “ಬಾವಿ ತೋಡಿದ್ದು ಮನುಷ್ಯ ಅಲ್ವೇನೋ, ಆಳ ಎಷ್ಟೂಂತ ಅವನಿಗೇನು ಗೊತ್ತು ಪಾಪ,” ಎನ್ನುತ್ತಿದ್ದಳು ಅಮ್ಮ. ದೇವರು ಹೆಗಲ ಮೇಲಿನ ಶಲ್ಯ ತೆಗೆದು ಹಗ್ಗಕ್ಕೆ ಗಂಟು ಹಾಕಿ ಮತ್ತೆ ಬಿಟ್ಟನಂತೆ. ಆಗ ಸಾಕಾಯಿತಂತೆ. ಮೇಲೆ ಬಂದವನು ದೇವರಿಗೆ ಕೈ ಮುಗಿಯುವುದು ಬಿಟ್ಟು, ಅಯ್ಯೋ ನಿನ್ನ ಶಲ್ಯ ಒದ್ದೆಯಾಯಿತಲ್ಲ ಎಂದನಂತೆ. ಅಲ್ಲಿಗೆ ಅಣ್ಣನಿಗೆ ನಿದ್ದೆ ಬಂದಿರುತ್ತಿತ್ತು. ಇವನು ಮಾತ್ರ, ಒದ್ದೆಯಾದ ಶಲ್ಯವನ್ನು ದೇವರು ಎಲ್ಲಿ ಒಣಗಹಾಕಿದ ಎಂದು ಯೋಚಿಸುತ್ತ ಎದ್ದಿರುತ್ತಿದ್ದ.

ಆ ಅಣ್ಣ ಇವತ್ತು ಬರುತ್ತಿದ್ದಾನೆ. ನಿನ್ನೆ ಫೋನಿಗೆ ದಡದ ಸಿಗ್ನಲ್ಲು ಸಿಕ್ಕಿದ ಕೂಡಲೇ ಹೆಂಡತಿ ಹೇಳಿದ ಮೊದಲ ಮಾತೇ ಅದು.

“ರೀ, ನಿಮ್ಮಣ್ಣನೂ ಬರ್ತಾರಂತೆ.”

“ಅವನ್ಯಾಕೆ?”

“ಯಾಕೆ ಅಂದ್ರೆ? ತಮ್ಮನ ಕೆಲಸ ಶುರುವಾಗಿದ್ದು ನೋಡ್ಲಿಲ್ಲ, ಮುಗಿಯೋದನ್ನಾದ್ರೂ ನೋಡ್ತೀನಿ ಅಂದ್ರು. ಅಂಗಡಿಗೆ ಬೀಗ ಹಾಕಿ ಬರ್ತಿದ್ದಾರೆ ಕಣ್ರೀ, ನಮ್ಮ ಮದುವೆಗೂ ಅರ್ಧ ದಿನ ತೆರೆದಿಟ್ಟಿದ್ದೋರು!”

ಅಣ್ಣನದು ಗಡಿಯಾರ ರಿಪೇರಿ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಎಳ್ಳುಕಾಳಿನಂಥ ಹಲ್ಲುಚಕ್ರಗಳನ್ನು ಎತ್ತಿ ಕೂರಿಸುವವನು. ಇವನ ಉದ್ಯೋಗ ಅವನಿಗೆ ಯಾವಾಗಲೂ ಒಂದು ತಮಾಷೆ. “ಏನೋ, ಹಗ್ಗ ಎಸೆಯೋದಕ್ಕೂ ಸರ್ಕಾರ ಸಂಬಳ ಕೊಡುತ್ತೇನೋ?” ಎಂದು ಬಂದ ಗಿರಾಕಿಗಳ ಎದುರಿಗೇ ಕೇಳುತ್ತಿದ್ದ. ಇವನು ನಗುತ್ತಿದ್ದ. ಅಮ್ಮ ಹೋದಾಗ ಇವನಿದ್ದ ಹಡಗು ದಡದಿಂದ ಬಲು ದೂರದಲ್ಲಿ ಒಂದು ಮುಳುಗುವ ದೋಣಿಯನ್ನು ಹುಡುಕುತ್ತಿತ್ತು. ಬಂದು ತಲುಪುವ ಹೊತ್ತಿಗೆ ಮನೆ ಸಾರಿಸಿ ಎಲ್ಲ ಮುಗಿದಿತ್ತು. ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಒಂದು ದಿನ ತಡೆಯಬಹುದಿತ್ತಲ್ಲ ಅಣ್ಣ, ಎಂದಿದ್ದ. ಅಣ್ಣ ಭೂತಗನ್ನಡಿಯನ್ನು ಕಣ್ಣಿಂದ ತೆಗೆಯದೆಯೇ, “ನೀನು ಬರೋ ತನಕ ನಿಲ್ಲಿಸಿಡೋಕೆ ಅದೇನು ಗಡಿಯಾರವೇನೋ?” ಎಂದಿದ್ದ. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ಮರೆಯಬಹುದಿತ್ತು. ಆಮೇಲೆ ಹಬ್ಬ ಹುಣ್ಣಿಮೆಗಳಲ್ಲಿ ಇಬ್ಬರೂ ಕೂತು ಊಟ ಮಾಡಿದ್ದಾರೆ, ನಕ್ಕಿದ್ದಾರೆ, ಆದರೆ ಆ ಮಾತು ಇಬ್ಬರ ನಡುವೆ ಮೂರನೆಯವನ ಹಾಗೆ ಎಲೆ ಹಾಕಿಸಿಕೊಂಡು ಕೂತಿರುತ್ತದೆ. ಅವತ್ತು ಹುಡುಕಿದ ದೋಣಿ ಸಿಕ್ಕಿತ್ತು, ಅದರಲ್ಲಿದ್ದವರು ಬದುಕಿದ್ದರು ಎಂಬುದನ್ನು ಇವನು ಅಣ್ಣನಿಗೆ ಹೇಳಿರಲಿಲ್ಲ. ಹೇಳಿದರೆ ಅಮ್ಮನನ್ನು ತಕ್ಕಡಿಗೆ ಹಾಕಿದಂತಾಗುತ್ತದೆ ಎನಿಸಿತ್ತು.

ಈಗ ಆ ಅಣ್ಣನ ಕಣ್ಣೆದುರಿಗೆ ಹಗ್ಗ ನೀರಿಗೆ ಬಿದ್ದರೆ? ಎಂಥ ಬಾಲಿಶ ಹೆದರಿಕೆ ಎಂದು ತನಗೆ ತಾನೇ ಹೇಳಿಕೊಂಡ. ಬಿರುಗಾಳಿಯ ಬಾಯಿಂದ ಜನರನ್ನು ಎಳೆದುಕೊಂಡವನು, ಈಗ ನಿಂತ ನೀರಿನಲ್ಲಿ ಒಂದು ಹಗ್ಗಕ್ಕೆ ಬೆವರುತ್ತಿದ್ದಾನೆ. 

“ಚೀಫ್!” ಏಣಿ ಹತ್ತಿ ಬಂದವನು ಮೌನಿ. ನಾಳೆಯಿಂದ ಇವನ ಜಾಗಕ್ಕೆ ಬರುವವನು. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಅವನಿಗೆ ಆ ಹೆಸರು. “ಚೀಫ್, ಗಾಳಿ ನೋಡಿದ್ರಾ? ಜೆಟ್ಟಿ ಕಡೆಯಿಂದ ನಮ್ಮ ಮುಖಕ್ಕೇ ಬರ್ತಿದೆ. ಒಂದು ಮಾತು ಹೇಳ್ಲಾ? ಬೈಬೇಡಿ. ನೀವು ಮುಂದೆ ಕೈ ಎತ್ತಿ ನಿಂತ್ಕೊಳ್ಳಿ. ನಾನು ನಿಮ್ಮ ಹಿಂದೆ ಬಗ್ಗಿಕೊಂಡು ಎಸೀತೀನಿ. ಜೆಟ್ಟಿಯವರಿಗೆ ಏನ್ ಗೊತ್ತಾಗುತ್ತೆ?”

“ಅಡುಗೆಯವನು ಹೇಳಿದ್ನಾ?”

“ಛೆ ಛೆ, ಅವನು ಯಾರಿಗೂ ಹೇಳಿಲ್ಲ. ನನಗೊಬ್ಬನಿಗೆ ಹೇಳಿದಾನೆ. ನಾನೂ ಯಾರಿಗೂ ಹೇಳಿಲ್ಲ.” ಒಂದು ಕ್ಷಣ ತಡೆದು, “ತುಂಬ ಜನಕ್ಕೆ ಹೇಳಿಲ್ಲ,” ಎಂದ.

ಅವನಿಗೆ ಕೋಪ ಬರಬೇಕಿತ್ತು, ನಗು ಬಂತು. ನಗುವಿನ ಹಿಂದೆಯೇ ಇಡೀ ಹಡಗಿಗೆ ಗೊತ್ತು ಎಂಬ ಅರಿವು ತಣ್ಣಗೆ ಬೆನ್ನಿನ ಮೇಲೆ ಇಳಿಯಿತು. ಮೈಮೇಲಿದ್ದ ಸಮಾರಂಭದ ಬಿಳಿ ಸಮವಸ್ತ್ರಕ್ಕೆ ತಾನೇ ಇಸ್ತ್ರಿ ಹಾಕಿಕೊಂಡಿದ್ದ. ತೋಳಿನ ಮೇಲಿನ ಇಸ್ತ್ರಿಯ ಗೀರು ಚಾಕುವಿನ ಅಲಗಿನಂತಿತ್ತು. ಮೌನಿ ಕಾಲಬುಡದಲ್ಲಿದ್ದ ನೀರಿನ ಬಕೆಟ್ಟನ್ನು ಮುಂದಕ್ಕೆ ತಳ್ಳಿ, “ಹಗ್ಗ ನೆನೆಸಿಕೊಡ್ಲಾ?” ಎಂದ. ಅದು ಇವನೇ ಕಲಿಸಿದ ಪಾಠ. ಒಣಹಗ್ಗ ಹಗುರ, ಗಾಳಿ ಅದನ್ನು ವಾಪಸ್ಸು ಕಳಿಸುತ್ತದೆ. ನೆನೆಸಿದರೆ ತೂಕ ಬರುತ್ತದೆ, ಗಾಳಿಯನ್ನು ಸೀಳಿ ಹೋಗುತ್ತದೆ. ಹೊಸಬರು ಬಕೆಟ್ಟು ಮರೆತರೆ ಇವನು ಸಿಡಿದು ಬೀಳುತ್ತಿದ್ದ. ಈಗ ಹಾಲಿನಂಥ ಹೊಸ ಹಗ್ಗವನ್ನೂ, ತೋಳಿನ ಗೀರನ್ನೂ, ಜೆಟ್ಟಿಯ ಮೇಲೆ ಚುಕ್ಕಿಗಳಂತೆ ಕಾಣತೊಡಗಿದ್ದ ಜನರನ್ನೂ ನೋಡಿದ. ತೊಟ್ಟಿಕ್ಕುವ ಬಟ್ಟೆಯಲ್ಲಿ ಅಣ್ಣನ ಎದುರಿಗೆ ನಿಲ್ಲುವುದೇ?

“ಬೇಡ ಬಿಡು,” ಎಂದ.

ಮೌನಿ ಬಾಯಿ ತೆರೆದ, ಮುಚ್ಚಿದ. ಅವನು ಬಾಯಿ ಮುಚ್ಚಿದ್ದು ಅದೇ ಮೊದಲು ಎಂದು ಆಮೇಲೆ ಎಲ್ಲರೂ ಹೇಳಿಕೊಂಡರು.

ಜೆಟ್ಟಿ ಹತ್ತಿರವಾಯಿತು. ಮೊದಲು ಕ್ರೇನುಗಳು, ಆಮೇಲೆ ಹಳೆಯ ಟೈರುಗಳನ್ನು ಇಳಿಬಿಟ್ಟ ಕಲ್ಲಿನ ಅಂಚು, ಹಗ್ಗ ಹಿಡಿಯಲು ಕಾದಿದ್ದ ಮೂವರು ಜೆಟ್ಟಿಯಾಳುಗಳು, ಅವರ ಹಿಂದೆ ಮನೆಮಂದಿಗೆಂದು ಕಟ್ಟಿದ ಹಗ್ಗದ ಬೇಲಿ. ಹೆಂಡತಿ ಕಂಡಳು; ದೂರದಿಂದಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಹಡಗನ್ನು ತಾನೇ ಇಳಿಸಿಕೊಳ್ಳುವವಳ ಹಾಗೆ. ಪಕ್ಕದಲ್ಲಿ ಕೊಡೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ತಲೆಯನ್ನು ಒಂದು ಕಡೆಗೆ ವಾಲಿಸಿ, ಒಂದೇ ಕಣ್ಣಿನಿಂದ ನೋಡುವ ಅಭ್ಯಾಸವಾದ ಅಣ್ಣ. ಎಷ್ಟು ಸಣ್ಣಗಾಗಿದ್ದಾನೆ. ಹಡಗು ವೇಗ ತಗ್ಗಿಸಿತು. ಎಂಜಿನ್ನಿನ ಸದ್ದು ಮೊಣಕಾಲಿನಿಂದ ಪಾದಕ್ಕೆ ಇಳಿದು ಮೃದುವಾಯಿತು. ಹಡಗಿನ ಮುಂತುದಿಯ ಮೂತಿಯಲ್ಲಿ ನಿಂತಿದ್ದ ನಾವಿಕರು ಸರಿದು ದಾರಿಬಿಟ್ಟರು. ಅವನು ಸುರುಳಿಯನ್ನು ಎರಡು ಪಾಲು ಮಾಡಿ, ಒಂದನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಗಂಟಿರುವುದನ್ನು ಬಲಗೈಗೆ ತೆಗೆದುಕೊಂಡು, ಚಿತ್ರದಲ್ಲಿ ನಿಂತವನ ಹಾಗೆ ತೋಳನ್ನು ಹಿಂದಕ್ಕೆತ್ತಿ ತಲೆಯ ಮೇಲಿನಿಂದ ಎಸೆದ.

ಭುಜ ಕಿವಿಯ ಮಟ್ಟದಲ್ಲಿ ನಿಂತುಬಿಟ್ಟಿತು. ಹಗ್ಗ ಚೆಂದವಾಗಿಯೇ ಹಾರಿತು, ಬಿಸಿಲಿನಲ್ಲಿ ಬೆಳ್ಳಗೆ ಬಿಚ್ಚಿಕೊಂಡಿತು, ನಡುದಾರಿಯಲ್ಲಿ ಗಾಳಿಯನ್ನು ಕಂಡು ಏನೋ ಮರೆತವನಂತೆ ತಡೆದು, ಹಿಂದಕ್ಕೆ ತಿರುಗಿ, ಜೆಟ್ಟಿಗೂ ಹಡಗಿಗೂ ನಡುವಿನ ನೀರಿಗೆ ಪ್ಲಪ್ಪೆಂದು ಬಿತ್ತು.

ಇಡೀ ಹಡಗು ಉಸಿರು ಹಿಡಿಯಿತು. ಎಷ್ಟು ಹೊತ್ತು? ಅವನಿಗೆ ಅದು ಅಮ್ಮನ ಒಂದು ಕತೆಯಷ್ಟು ಉದ್ದವಾಗಿ ಕಂಡಿತು. ತೇಲುತ್ತಿದ್ದ ಬಿಳಿ ಹಗ್ಗವನ್ನು ನೋಡುತ್ತ ನಿಂತ. ಯಾರ ಮುಖವನ್ನೂ ನೋಡಲಾರದೆ ನಿಂತ. ಆಗ ತಲೆಯ ಮೇಲೆ, ಹಡಗು ನಡೆಸುವ ಕಟ್ಟೆಯ ಧ್ವನಿವರ್ಧಕ ಗರಗರ ಎಂದಿತು. ಕ್ಯಾಪ್ಟನ್ನರ ದನಿ. ಒಂದು ಕಾಲದಲ್ಲಿ ಮೀಸೆ ಮೂಡದ ಎಳೆಯ ಅಧಿಕಾರಿಯಾಗಿ ಬಂದಿದ್ದಾಗ ಇದೇ ಮೂತಿಯಲ್ಲಿ, ಇದೇ ಕೆಲಸಕ್ಕೆ, ಕಣ್ಣಲ್ಲಿ ನೀರು ಬರುವ ತನಕ ಇವನು ನಿಲ್ಲಿಸಿಕೊಂಡಿದ್ದವರು. ಆ ಕಣ್ಣೀರು ಎಷ್ಟೋ ಸಲ ಇವನ ನಿದ್ದೆಗೆ ಬಂದು ಹೋಗಿತ್ತು.

“ಚೀಫ್,” ಎಂದಿತು ಧ್ವನಿವರ್ಧಕ, ಇಡೀ ಬಂದರಿಗೆ ಕೇಳುವ ಹಾಗೆ. “ಇನ್ನೊಮ್ಮೆ.”

 ಆಮೇಲೆ ಹಿಂದಿನ ಡೆಕ್ಕಿನಿಂದ ಒಂದು ದನಿ, “ಇನ್ನೊಮ್ಮೆ!” ಅಡುಗೆಮನೆಯ ಕಿಂಡಿಯಿಂದ ಸೌಟಿನ ಸದ್ದಿನ ಜೊತೆಗೆ, “ಇನ್ನೊಮ್ಮೆ!” ಎಂಜಿನ್ ಕೋಣೆಯವರು ಏಣಿಯಲ್ಲಿ ತಲೆ ಹಾಕಿ ಕೂಗಿದರು. ಮೌನಿ ಬಾಕಿ ಇದ್ದದ್ದನ್ನೆಲ್ಲ ಒಟ್ಟಿಗೇ ತೀರಿಸುವವನಂತೆ ಕೂಗಿದ. ಸಾಲುಸಾಲಾಗಿ, ನಗುತ್ತ, ಚಪ್ಪಾಳೆ ತಟ್ಟುತ್ತ, ಇಷ್ಟು ಕಾಲ ಬೆನ್ನ ಹಿಂದೆ ಕರೆದದ್ದನ್ನು ಎಲ್ಲರೂ ಮುಖಕ್ಕೆ ಕರೆದರು. ಅವನು ತಲೆಯೆತ್ತಿ ಒಂದೊಂದೇ ಮುಖ ನೋಡಿದ. ಹುಡುಕಿದ, ನಿಜಕ್ಕೂ ಹುಡುಕಿದ. ಒಂದರಲ್ಲೂ ಸೇಡು ಕಾಣಲಿಲ್ಲ.

ಹಗ್ಗವನ್ನು ಮೇಲಕ್ಕೆ ಎಳೆದುಕೊಳ್ಳತೊಡಗಿದ. ಬಿಳಿಯ ತೋಳಿನ ಮೇಲೆ ಉಪ್ಪುನೀರು ಹರಿಯಿತು, ಗೀರು ಕರಗಿತು. ‘ಇನ್ನೊಮ್ಮೆ’ ಎಂಬ ಆ ಮಾತು ಮೊದಲಿಗೆ ಅವನದಾಗಿರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಅದನ್ನು ಕೊಟ್ಟವನು ಒಬ್ಬ ಮುದುಕ, ಅಲೆಯ ಮೇಲೆ ಪ್ಲಾಸ್ಟಿಕ್ ಡ್ರಮ್ಮನ್ನು ಅಪ್ಪಿಕೊಂಡು ಏಳುತ್ತ ಬೀಳುತ್ತ ಇದ್ದವನು. ಮುಳುಗಿದ ದೋಣಿಯ ಉಳಿದವರೆಲ್ಲ ಹಡಗು ಹತ್ತಿಯಾಗಿತ್ತು, ಅವನೊಬ್ಬ ಉಳಿದಿದ್ದ. ಇವನಿನ್ನೂ ಒಂದೇ ಪಟ್ಟಿಯ ನಾವಿಕ. ಎಸೆದ ಹಗ್ಗ ಎಲ್ಲೋ ಬಿತ್ತು. ಸತ್ತ, ನಾನೇ ಕೊಂದೆ, ಎಂದು ಇವನು ಬಿಕ್ಕಿದಾಗ, ನೀರೊಳಗಿಂದ ಆ ಮುದುಕ ಬಾಯಿಗೆ ನುಗ್ಗಿದ ಅಲೆಯನ್ನು ಉಗುಳಿ ಬೈದ: “ಏನೋ, ಮೀನಿಗೆ ಎಸೆದೆಯೇನೋ? ಅಳ್ತಾ ನಿಂತ್ಕೋಬೇಡ! ಇನ್ನೊಮ್ಮೆ ಎಸಿ! ನಾನೇನು ಓಡಿಹೋಗ್ತೀನಾ?” ನೆನೆದ ಹಗ್ಗವನ್ನು, ಭುಜವೆತ್ತಲು ಪುರುಸೊತ್ತಿಲ್ಲದೆ ಕೆಳಗಿನಿಂದ, ತೊಟ್ಟಿಲು ತೂಗಿದಂತೆ ತೂಗಿ ಬಿಟ್ಟಿದ್ದ. ಮುದುಕನ ಕೊರಳ ಮೇಲೆ ಹೋಗಿ ಕೂತಿತ್ತು. ಅವತ್ತೇ, ಹೌದು, ಅವತ್ತೇ ಊರಿನಲ್ಲಿ ಅಮ್ಮ ಕಣ್ಣು ಮುಚ್ಚಿದ್ದಳು. ದೇವರ ಹಗ್ಗವೂ ಮೊದಲ ಸಲ ಸಾಲಲಿಲ್ಲ ಎಂದು ಯಾಕೆ ಅಷ್ಟು ಸಲ ಹೇಳುತ್ತಿದ್ದೆಯಮ್ಮ, ಎಂದು ಅವನಿಗೆ ಈಗ, ಒದ್ದೆ ತೋಳಿನಲ್ಲಿ, ಜನರ ನಗುವಿನ ನಡುವೆ, ಕೇಳಬೇಕೆನಿಸಿತು. ಕೇಳುವ ಅಗತ್ಯವೂ ಇಲ್ಲವೆನಿಸಿತು.

ಸುರುಳಿ ಸುತ್ತಿದ. ಈಗ ಹಗ್ಗಕ್ಕೆ ತೂಕವಿತ್ತು. ತಲೆಯ ಮೇಲಿನ ಠೀವಿ ಬಿಟ್ಟು ಕೈಯನ್ನು ಕೆಳಗಿಳಿಸಿದ. ಭುಜ ಅಚ್ಚರಿಪಟ್ಟು ಸುಮ್ಮನಾಯಿತು. ಒಂದು ತೂಗು, ಎರಡು ತೂಗು, ನೀರು ನಿನ್ನದು, ಹಡಗು ನಮ್ಮದು.

ಬಿಟ್ಟ.

ಹಗ್ಗ ಗಾಳಿಯನ್ನು ಸೀಳಿ ಹೋಯಿತು. ಜೆಟ್ಟಿಯಾಳುಗಳು ಕೈ ಚಾಚಿದರು, ಅವರ ತಲೆಗಳನ್ನು ದಾಟಿತು. ಬೇಲಿಯನ್ನೂ ದಾಟಿ, ಹೆಂಡತಿ “ಅಯ್ಯೋ ಭಾವ!” ಎನ್ನುವಷ್ಟರಲ್ಲಿ ಅಣ್ಣನ ಎದೆಯ ಮುಂದೆ ಸರ್ರನೆ ಇಳಿಯಿತು. ಗಂಟು ಅವನ ಕಾಲ ಬಳಿ ಬಿತ್ತು. ಅಣ್ಣ ಕೊಡೆಯನ್ನು ಕೈಬಿಟ್ಟು ಎರಡೂ ಕೈಯಲ್ಲಿ ಹಗ್ಗವನ್ನು ಹಿಡಿದುಕೊಂಡ. ಸೈರನ್ನು ಕೂಗಿತು. ಮೊದಲ ಏಟಿಗೆ ಮಾತ್ರ ಕೂಗಬೇಕೆಂಬ ವಾಡಿಕೆಯನ್ನು ಮೇಲೆ ಯಾರೋ ಮರೆತಿದ್ದರು.

ಜೆಟ್ಟಿಯಾಳು ಓಡಿಬಂದ. “ಯಜಮಾನ್ರೇ, ಕೊಡಿ ಇತ್ತ.”

“ಕೊಡಲ್ಲ ಕಣಪ್ಪ,” ಎಂದ ಅಣ್ಣ. “ನನ್ನ ತಮ್ಮ ನನಗೆ ಎಸೆದಿದ್ದು.”

ಆಮೇಲೆ ಹಡಗಿನ ಕಡೆ ತಿರುಗಿ, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕರೆಯುವ ದನಿಯಲ್ಲಿ ಕೂಗಿದ. “ಲೋ! ಏನ್ ಮಾಡ್ಬೇಕೋ ಇದನ್ನ ಈಗ?”

“ಎಳಿ ಅಣ್ಣಾ!”

“ಏನನ್ನ? ಹಡಗನ್ನಾ?”

“ಹೂಂ, ಹಡಗನ್ನೇ!”

ಅಣ್ಣ ಒಮ್ಮೆ ಹಗ್ಗ ನೋಡಿದ, ಒಮ್ಮೆ ಆ ಬಿಳಿಯ ಕಬ್ಬಿಣದ ಬೆಟ್ಟವನ್ನು ನೋಡಿದ, ಮತ್ತೆ ತಮ್ಮನನ್ನು ನೋಡಿದ. ಈ ಸಲ ಎರಡೂ ಕಣ್ಣಿನಿಂದ ನೋಡಿದ. ಹೆಂಡತಿ ಬೇಲಿಯ ಹಗ್ಗದಡಿ ನುಸುಳಿ ಭಾವನ ಹಿಂದೆ ನಿಂತು ತಾನೂ ಹಿಡಿದಳು. ಜೆಟ್ಟಿಯಾಳುಗಳು ನಗುತ್ತ ಅವರ ಹಿಂದೆ ಸಾಲುಗಟ್ಟಿದರು. ಮೌನಿ ದಪ್ಪ ಹಗ್ಗವನ್ನು ಕಿಂಡಿಯಿಂದ ಬಿಡುತ್ತ ಏನೇನೋ ಕೂಗುತ್ತಿದ್ದ. ಇವನ ಬೆರಳುಗಳ ನಡುವೆ ಒದ್ದೆ ಹಗ್ಗ ಬಿಗಿಯಾಯಿತು. ಅಷ್ಟು ಜನ ಹಿಡಿದಿದ್ದರೂ ಅದರಲ್ಲಿ ಅಣ್ಣನ ಕೈ ಬೇರೆಯೇ ತಿಳಿಯುತ್ತಿತ್ತು: ಸಣ್ಣ ಸಣ್ಣ ಎಳೆತ, ಒಡೆದುಹೋದೀತೋ ಎಂಬ ಜೋಪಾನ, ನಡುವೆ ಒಂದು ಬಿಗಿಹಿಡಿದ ಉಸಿರು. ಎಂಜಿನ್ನು ತಳ್ಳಿತೋ, ಅಣ್ಣನೇ ಎಳೆದನೋ, ಅಷ್ಟು ದೊಡ್ಡ ಹಡಗು ದಡದ ಕಡೆಗೆ ಮೆಲ್ಲಗೆ ವಾಲಿ ಹೊರಟಿತು.

“ಬರ್ತಾ ಇದೆಯೇನೋ?” ಅಣ್ಣ ಏದುಸಿರು ಬಿಡುತ್ತ ಕೂಗಿದ.

“ಬರ್ತಾ ಇದ್ದೀನಿ ಅಣ್ಣಾ!” ಕಟಕಟೆಯ ಮೇಲೆ ಅರ್ಧಕ್ಕರ್ಧ ಬಾಗಿ, ಕೆನ್ನೆಯ ಮೇಲಿನ ಉಪ್ಪು ಕಡಲಿನದೋ ತನ್ನದೋ ಒರೆಸಿಕೊಳ್ಳದೆ, ಅವನು ಕೂಗಿದ. “ಇನ್ನೊಮ್ಮೆ ಎಳಿ! ಇನ್ನೊಮ್ಮೆ!”